ಬುಧವಾರ ಬಂದ ಹೊಸ ಕಾಮಿಕ್ಸ್‌ನಲ್ಲಿ ಯಾವ್ದು ತಗೊಳ್ಳೋದು, ಯಾವ್ದು ಬಿಡೋದು?

ಓದುಗರ ಪ್ರಶ್ನೆ: "ಮೇಡಂ, ಎಂಟು ತಿಂಗಳ ಹಿಂದೆ ಸಿನಿಮಾ ನೋಡಿ ಅಮೆರಿಕನ್ ಕಾಮಿಕ್ಸ್ ಹುಚ್ಚು ಹಿಡೀತು. ಮೊದ್ಲು ಎರಡೇ ಟೈಟಲ್ ತಗೋತಿದ್ದೆ, ಈಗ ಅಂಗಡಿಯವರು ನನಗಂತ ಎತ್ತಿಡೋ ಪಟ್ಟಿ, ಪುಲ್ ಲಿಸ್ಟ್‌ನಲ್ಲಿ ಹದಿನಾಲ್ಕಿದೆ. ಪ್ರತಿ ಬುಧವಾರ ಹೊಸ ಪಟ್ಟಿ ನೋಡಿದ್ರೆ ತಲೆ ಕೆಡುತ್ತೆ, ಅಷ್ಟೊಂದು ಹೆಸರು, ಒಂದೊಂದಕ್ಕೂ ಐದಾರು ಕವರ್. ಸೀರೀಸಿನ ಮೊದಲ ಸಂಚಿಕೆ, ನಂಬರ್ ಒನ್ ಅಂತ ಕಂಡ್ರೆ ಬಿಡೋಕೆ ಮನಸ್ಸಾಗಲ್ಲ, ಮುಂದೆ ಒಳ್ಳೆ ಬೆಲೆ ಬರುತ್ತೆ ಅಂತ ಫ್ರೆಂಡ್ಸ್ ಹೇಳ್ತಾರೆ. ಮಾಮೂಲಿಗಿಂತ ಬೇರೆ ಚಿತ್ರ ಇರೋ ಒಂದು 'ಇಪ್ಪತ್ತೈದಕ್ಕೊಂದು' ವೇರಿಯಂಟ್ ಕವರ್‌ಗೆ ಜಾಸ್ತಿ ದುಡ್ಡು ಕೊಟ್ಟು ತಗೊಂಡೆ, ಇನ್ನೂ ಬಿಚ್ಚಿಲ್ಲ. ತಗೊಂಡಿದ್ರಲ್ಲಿ ಅರ್ಧಕ್ಕರ್ಧ ಓದೇ ಇಲ್ಲ. ಬಿಡಿ ಸಂಚಿಕೆ, ಅಂದ್ರೆ ಇಶ್ಯೂ, ತಗೊಳ್ಳೋದು ದಂಡ, ಐದಾರು ಇಶ್ಯೂ ಸೇರಿಸಿ ಒಂದೇ ಪುಸ್ತಕ ಮಾಡೋ ಟ್ರೇಡ್ ಬರೋವರೆಗೂ ಕಾಯಿ ಅಂತ ಒಬ್ರು, ಎಲ್ರೂ ಕಾಯ್ತಾ ಕೂತ್ರೆ ಸೀರೀಸೇ ನಿಂತೋಗುತ್ತೆ ಅಂತ ಇನ್ನೊಬ್ರು. ಲಿಸ್ಟಿಂದ ತೆಗೀರಿ ಅಂತ ಅಂಗಡಿಯವರಿಗೆ ಹೇಳೋಕೂ ಸಂಕೋಚ. ಈ ವಾರ ಏನ್ ತಗೊಳ್ಳಿ, ಏನ್ ಬಿಡ್ಲಿ, ಒಂದು ದಾರಿ ಹೇಳಿ."

ನಿಮ್ಮ ಪತ್ರ ಓದ್ತಾ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ಹೆಚ್ಚುಕಡಿಮೆ ಇದೇ ಮಾತನ್ನ ನಾನು ಗಲ್ಲಾದ ಈಚೆ ಕಡೆ ನಿಂತು ವರ್ಷಗಟ್ಲೆ ಕೇಳಿದೀನಿ. ಹದಿಮೂರು ವರ್ಷ ಕಾಮಿಕ್ಸ್ ಅಂಗಡಿಯ ಆರ್ಡರ್ ನೋಡ್ಕೊಂಡವಳು ನಾನು, ಆಮೇಲೆ ವಾರವಾರ ಬರೋದನ್ನ ಓದಿ ಇದು ತಗೊಳ್ಳಿ ಇದು ಬೇಡ ಅಂತ ಹೇಳೋದೇ ಕೆಲಸ ಆಯ್ತು. ಹದಿನಾಲ್ಕು ಟೈಟಲ್ ಅಂದ್ರಲ್ಲ, ಅದೇನ್ ಮಹಾ ಅಲ್ಲ, ಮೂವತ್ತೈದಕ್ಕೆ ಹೋಗಿ ಮನೆಯವರ ಕೈಲಿ ಬೈಸ್ಕೊಂಡು ವಾಪಸ್ ಬಂದವರನ್ನೂ ನೋಡಿದೀನಿ.

ನೀವು ಕೇಳಿದ್ದು ಒಂದೇ ಪ್ರಶ್ನೆ ಥರ ಕಂಡ್ರೂ ಒಳಗೆ ಎರಡಿದೆ. ಯಾವುದು ಚೆನ್ನಾಗಿದೆ ಅನ್ನೋದು ಒಂದು, ಅದಕ್ಕೆ ಉತ್ತರ ಹೇಳೋದು ಸುಲಭ. ಈ ಬುಧವಾರ ತಗೋದಿದ್ರೆ ಕೈತಪ್ಪಿ ಹೋಗುತ್ತಾ ಅನ್ನೋ ಭಯ ಇನ್ನೊಂದು. ನಿಮ್ಮ ತಲೆ ಕೆಡಿಸ್ತಿರೋದು ಈ ಎರಡನೇದು, ಹಂಗಾಗಿ ಅದನ್ನೇ ಮೊದ್ಲು ಬಿಚ್ತೀನಿ. ಆ ಭಯ ನಿಮ್ಮದಲ್ಲ. ಅದು ಅಂಗಡಿಯವರ ಭಯ, ಕೈಯಿಂದ ಕೈಗೆ ದಾಟ್ಕೊಂಡು ಬಂದು ನಿಮ್ಮ ತಲೆ ಮೇಲೆ ಕೂತಿದೆ.

ಹೆಂಗೆ ಅಂತ ಹೇಳ್ತೀನಿ. ಮೊದಲು ಕಾಮಿಕ್ಸು ಪೇಪರ್ ಸ್ಟ್ಯಾಂಡ್‌ನಲ್ಲಿ ಮಾರಾಟ ಆಗ್ತಿತ್ತು, ಮಾರಾಟ ಆಗದೇ ಉಳಿದಿದ್ದನ್ನ ವಾಪಸ್ ಕಳಿಸ್ಬೋದಿತ್ತು. 1970ರ ದಶಕದ ಶುರುವಿನಲ್ಲಿ ಫಿಲ್ ಸ್ಯೂಲಿಂಗ್ ಅನ್ನೋ ಕಾಮಿಕ್ಸ್ ವ್ಯಾಪಾರಿ ಪ್ರಕಾಶಕರ ಹತ್ರ ಹೊಸ ಒಪ್ಪಂದ ಮಾಡ್ಕೊಂಡ್ರು, ಡಿಸ್ಕೌಂಟ್ ಜಾಸ್ತಿ ಕೊಡಿ, ಉಳಿದ್ರೆ ನಾವು ವಾಪಸ್ ಕೊಡಲ್ಲ ಅಂತ. ಕಾಮಿಕ್ಸಿಗೇ ಅಂತ ಇರೋ ಅಂಗಡಿಗಳು ಬೆಳೆದಿದ್ದೇ ಈ ಪದ್ಧತಿಯಿಂದ, ಇದಕ್ಕೆ ಡೈರೆಕ್ಟ್ ಮಾರ್ಕೆಟ್ ಅಂತಾರೆ. ಇವತ್ತಿಗೂ ಬಹುಪಾಲು ಹಂಗೇ ನಡೀತಿರೋದು, ಅಂಗಡಿಯವರು ತರಿಸ್ಕೊಂಡಿದ್ದು ಮಾರಾಟ ಆಗ್ಲಿಲ್ಲ ಅಂದ್ರೆ ಅದು ಅವರ ತಲೆ ಮೇಲೇ.

ಇನ್ನೊಂದು ತಮಾಷೆ ಏನಂದ್ರೆ ಆರ್ಡರ್ ಕೊಡಬೇಕಾಗಿರೋದು ಪುಸ್ತಕ ಕಣ್ಣಿಗೆ ಬೀಳೋಕೆ ಮುಂಚೆ. ಎರಡು ಮೂರು ತಿಂಗಳು ಮೊದಲೇ ಪಟ್ಟಿ ಬರುತ್ತೆ, ಆಮೇಲೆ ಸಂಖ್ಯೆ ತಿದ್ದೋಕೆ ಕೊನೇ ದಿನ ಅಂತ ಒಂದಿರುತ್ತೆ, ಎಫ್‌ಓಸಿ ಅಂತೀವಿ, ಸಾಮಾನ್ಯವಾಗಿ ಬಿಡುಗಡೆಗೆ ಮೂರ್ನಾಲ್ಕು ವಾರ ಮುಂಚೆ. ಆ ರಾತ್ರಿಗಳು ನಂಗೆ ಇನ್ನೂ ನೆನಪಿದೆ. ಎಕ್ಸೆಲ್ ಶೀಟ್ ತೆಕ್ಕೊಂಡು ಕೂರೋದು, ಹೊಸ ಸೀರೀಸಿನ ನಂಬರ್ ಒನ್ ಎದುರಿಗೆ ಖಾಲಿ ಚೌಕ, ಪುಲ್ ಲಿಸ್ಟ್‌ನಲ್ಲಿ ಎಂಟು ಜನ ಹೇಳಿದಾರೆ, ಶೆಲ್ಫಿಗೆ ಎಷ್ಟು ಇಡೋದು, ಆರೋ ಹನ್ನೆರಡೋ. ಹದಿನಾಲ್ಕು ಅಂತ ಹಾಕಿ ಅಳಿಸಿ ಹದಿನಾರು ಮಾಡಿ ಮತ್ತೆ ಹದಿನಾಲ್ಕಕ್ಕೇ ಬಂದು ನಿಲ್ಲೋದು. ಇನ್ನೂ ಕಷ್ಟ ಯಾವ್ದು ಗೊತ್ತಾ, ಎರಡನೇ ಇಶ್ಯೂದು. ತಿಂಗಳಿಗೊಂದು ಬರೋ ಸೀರೀಸಲ್ಲಿ ಎರಡನೇದರ ಕೊನೇ ದಿನ ಬರೋ ಹೊತ್ತಿಗೆ ಮೊದಲನೇದು ಇನ್ನೂ ಅಂಗಡಿಗೇ ಬಂದಿರಲ್ಲ, ಇಲ್ಲಾ ಹಿಂದಿನ ವಾರ ತಾನೇ ಬಂದಿರುತ್ತೆ, ಓದಿದವರು ಇಷ್ಟಪಟ್ರಾ ಇಲ್ವಾ ಅಂತ ತಿಳ್ಕೊಳ್ಳೋಕೆ ಟೈಮೇ ಇರಲ್ಲ. ಕತ್ತಲಲ್ಲಿ ಕಲ್ಲು ಎಸೆದ ಹಂಗೆ.

ಹಿಂಗಾಗಿ ಅಂಗಡಿಯವರು "ಪ್ರೀ-ಆರ್ಡರ್ ಮಾಡಿ, ಲಿಸ್ಟಿಗೆ ಹಾಕ್ಸಿ, ಆಮೇಲೆ ಸಿಗಲ್ಲ" ಅಂತ ಹೇಳೋದು. ಸುಳ್ಳೇನೂ ಅಲ್ಲ ಅದು, ಅವರಿಗೆ ನಿಮ್ಮ ಒಂದು ಹೆಸರು ಅಂದ್ರೆ ಒಂದು ಪ್ರತಿಯ ರಿಸ್ಕ್ ಕಮ್ಮಿ. ಪ್ರಕಾಶಕರೂ ಅದನ್ನೇ ಹೇಳ್ತಾರೆ, ಬರಹಗಾರರೂ ಹೇಳ್ತಾರೆ, ಕೊನೆಗೆ ಎಲ್ರ ಕಡೆಯಿಂದ ಕೇಳಿ ಕೇಳಿ ಓದುಗರಿಗೆ ಏನೋ ರೈಲು ಬಿಟ್ಟೋಗುತ್ತೆ ಅನ್ಸೋಕೆ ಶುರುವಾಗುತ್ತೆ. ಕತೆ ಎಲ್ಲೂ ಹೋಗಲ್ಲ ಸ್ವಾಮಿ. ಓಡಿದ ಸೀರೀಸ್ ಆದ್ರೆ ಎರಡನೇ ಮುದ್ರಣ ಬರುತ್ತೆ, ಆಮೇಲೆ ಟ್ರೇಡ್ ಬರುತ್ತೆ, ಡಿಜಿಟಲ್ಲಲ್ಲಿ ಅವತ್ತಿನ ದಿನವೇ ಬಂದಿರುತ್ತೆ. ಕೈತಪ್ಪೋದು ಏನಿದ್ರೂ ಮೊದಲ ಮುದ್ರಣದ ಆ ಕಾಗದ ಮಾತ್ರ.

"ಆ ಕಾಗದಕ್ಕೇ ಅಲ್ವಾ ಮೇಡಂ ಮುಂದೆ ಬೆಲೆ ಬರೋದು" ಅಂತೀರಿ ಈಗ. ಸರಿ, ನಂಬರ್ ಒನ್ ವಿಷಯಕ್ಕೆ ಬರೋಣ.

ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸ್ಕೊಂಡ 1938ರ ಆಕ್ಷನ್ ಕಾಮಿಕ್ಸ್ ನಂಬರ್ ಒನ್‌ನ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯ್ತು, ಈ ಸುದ್ದಿ ನಿಮ್ಮ ಫ್ರೆಂಡ್ಸೂ ಓದಿರ್ತಾರೆ. ಆದ್ರೆ ಅದಕ್ಕೆ ಆ ಬೆಲೆ ಯಾಕೆ ಬಂತು? ಅವತ್ತು ಹತ್ತು ಸೆಂಟಿಗೆ ತಗೊಂಡ ಮಕ್ಕಳು ಓದಿದ್ರು, ಹರಿದ್ರು, ಎಸೆದ್ರು, ಯುದ್ಧದ ಕಾಲದಲ್ಲಿ ಹಳೇ ಕಾಗದದ ಜೊತೆ ರದ್ದಿಗೆ ಹೋಯ್ತು. ಯಾರೂ ಇಟ್ಕೊಳ್ಳಲಿಲ್ಲ, ಅದಕ್ಕೆ ಉಳೀಲಿಲ್ಲ, ಅದಕ್ಕೆ ಬೆಲೆ. ಈಗ ಎಲ್ರೂ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಇಡ್ತಾರೆ, ನಿಮ್ಮ ಥರ ಬಿಚ್ಚೇ ನೋಡದೇ ಇಡೋರೂ ಇದಾರೆ. ಎಲ್ರ ಹತ್ರಾನೂ ಹೊಸದರಂತೆ ಇರೋ ವಸ್ತುಗೆ ಯಾರು ದುಡ್ಡು ಕೊಡ್ತಾರೆ ಹೇಳಿ.

1991ರಲ್ಲಿ ಎಕ್ಸ್-ಮೆನ್ ನಂಬರ್ ಒನ್ ಬಂತು, ಕ್ರಿಸ್ ಕ್ಲೇರ್‌ಮಾಂಟ್ ಬರವಣಿಗೆ, ಜಿಮ್ ಲೀ ಚಿತ್ರ, ಐದು ಥರದ ಕವರ್, ನಾಲ್ಕು ಕವರ್ ಪಕ್ಕಪಕ್ಕ ಇಟ್ರೆ ಒಂದೇ ದೊಡ್ಡ ಚಿತ್ರ ಆಗುತ್ತೆ, ಐದನೇದರಲ್ಲಿ ಆ ಇಡೀ ಚಿತ್ರ ಮಡಚಿಟ್ಟಿರ್ತಾರೆ. 80 ಲಕ್ಷಕ್ಕೂ ಹೆಚ್ಚು ಪ್ರತಿ, ಬಿಡಿ ಇಶ್ಯೂಗಳಲ್ಲಿ ಗಿನ್ನೆಸ್ ದಾಖಲೆ. ಆದ್ರೆ ಆ ಸಂಖ್ಯೆ ಅಂಗಡಿಗಳು ತರಿಸ್ಕೊಂಡಿದ್ದು, ಓದುಗರು ತಗೊಂಡಿದ್ದಲ್ಲ, ಈ ವ್ಯತ್ಯಾಸ ಮರೀಬೇಡಿ. ತಗೊಂಡವರಲ್ಲೂ ಎಷ್ಟೋ ಜನ ಐದೂ ಕವರಿಗಾಗಿ ಐದು ಸಲ ತಗೊಂಡವರು. ಮೂವತ್ತು ವರ್ಷ ದಾಟಿದ್ಮೇಲೂ ಆ ಇಶ್ಯೂ ಹಳೇ ಪುಸ್ತಕದ ಡಬ್ಬಗಳಲ್ಲಿ ಆರಾಮಾಗಿ ಸಿಗುತ್ತೆ. ಮರುವರ್ಷ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ 75 ಬಂತು, ನಾಯಕ ಸಾಯೋ ಇಶ್ಯೂ, ಕಪ್ಪು ಚೀಲದೊಳಗೆ ತೋಳಿಗೆ ಕಟ್ಕೊಳ್ಳೋ ಕಪ್ಪು ಪಟ್ಟಿ ಸಮೇತ, ಜನ ಕ್ಯೂ ನಿಂತ್ರು, ಚೀಲ ಬಿಚ್ಚದೇ ಇಟ್ಟವರು ಲೆಕ್ಕವಿಲ್ಲದಷ್ಟು. ಅವರಲ್ಲಿ ಕೆಲವರು ಅದನ್ನ ಹಂಗೇ ನನ್ನ ಹತ್ರ ಮಾರೋಕೆ ತಂದಿದಾರೆ, "ಸೀಲ್ ಒಡೆದಿಲ್ಲ ನೋಡಿ" ಅಂತ. ಅವರ ಮುಖ ನೋಡಿ ನಿಜ ಹೇಳೋದು ಬಹಳ ಕಷ್ಟದ ಕೆಲಸ. ಆ ಹುಚ್ಚು ಇಳಿದ್ಮೇಲೆ ಎಷ್ಟೋ ಅಂಗಡಿ ಮುಚ್ಚಿದ್ವು, ಬೇರೆ ಕಾರಣಗಳೂ ಸೇರ್ಕೊಂಡು 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕ್ತು.

ಇದರ ಎದುರಿಗೆ ದಿ ವಾಕಿಂಗ್ ಡೆಡ್ ನಂಬರ್ ಒನ್ ಇಡಿ. 2003ರ ಅಕ್ಟೋಬರ್, ಕಪ್ಪು ಬಿಳುಪು, ಏಳು ಸಾವಿರ ಚಿಲ್ಲರೆ ಪ್ರತಿ, ಯಾರೂ ತಲೆ ಕೆಡಿಸ್ಕೊಳ್ಳದ ಪುಸ್ತಕ. ಅದಕ್ಕೆ ನಿಜವಾಗ್ಲೂ ಬೆಲೆ ಬಂತು. ಅಂದ್ರೆ ಏನಾಯ್ತು, ಬೆಲೆ ಬರೋ ಇಶ್ಯೂನ ಮುಂಚೆನೇ ಗುರುತಿಸೋಕೆ ಆಗೋ ಹಂಗಿದ್ರೆ ಅಂಗಡಿಯವರು ಅದನ್ನ ಜಾಸ್ತಿ ತರಿಸ್ತಿದ್ರು, ಜಾಸ್ತಿ ತರಿಸಿದ್ರೆ ಅದಕ್ಕೆ ಬೆಲೇನೇ ಬರ್ತಿರಲಿಲ್ಲ. ಎಲ್ರೂ "ಇದು ಹಾಟ್" ಅಂತ ಹೇಳ್ತಿರೋ ನಂಬರ್ ಒನ್ ನೀವು ತಗೋತಿದೀರಿ ಅಂದ್ರೆ ತಡ ಆಗಿದೆ ಅಂತಲೇ ಅರ್ಥ.

ಇನ್ನು ನಂಬರ್ ಒನ್ ಅಂದ್ರೆ ಹೊಸ ಶುರು ಅಂತೀರಾ? ಅಮೇಜಿಂಗ್ ಸ್ಪೈಡರ್-ಮ್ಯಾನ್ ಶುರುವಾಗಿದ್ದು 1963ರಲ್ಲಿ. ಆಮೇಲೆ 1999, 2014, 2015, 2018, 2022, 2025, ಇಷ್ಟು ಸಲ ಮತ್ತೆ ಒಂದರಿಂದ ಎಣಿಸಿದಾರೆ. 2014ಕ್ಕೂ 2015ಕ್ಕೂ ನಡುವೆ ಎಷ್ಟು ಗ್ಯಾಪ್ ನೀವೇ ನೋಡಿ. ಒಂದು ಅನ್ನೋ ಅಂಕಿ ಕಂಡ್ರೆ ಅಂಗಡಿಗಳು ಜಾಸ್ತಿ ಆರ್ಡರ್ ಮಾಡ್ತವೆ, ಅಷ್ಟೇ ಗುಟ್ಟು. ಹೊಸ ಓದುಗರಿಗೆ ಅದರಿಂದ ಒಂದು ಲಾಭ ಇದೆ, ಇಲ್ಲ ಅನ್ನಲ್ಲ, ಸಾಮಾನ್ಯವಾಗಿ ಹೊಸ ಬರಹಗಾರರು ಬರ್ತಾರೆ, ಹಿಂದಿನದು ಗೊತ್ತಿಲ್ದೇ ಇದ್ರೂ ಹಿಡ್ಕೊಂಡು ಓದ್ಬೋದು. ಓದೋಕೆ ತಗೊಳ್ಳಿ, ಗಂಟು ಕಟ್ಟೋಕೆ ಬೇಡ.

ಈಗ ನಿಮ್ಮ ಆ ಇಪ್ಪತ್ತೈದಕ್ಕೊಂದು ವೇರಿಯಂಟ್. ಇದರ ಲೆಕ್ಕ ಗಲ್ಲಾದ ಈ ಕಡೆಯಿಂದ ತೋರಿಸ್ತೀನಿ, ಆಮೇಲೆ ನೀವೇ ಹೇಳಿ. ಅಂಗಡಿಯವರು ಮಾಮೂಲಿ ಕವರಿನ ಇಪ್ಪತ್ತೈದು ಪ್ರತಿ ತರಿಸಿದ್ರೆ ಆ ಸ್ಪೆಷಲ್ ಕವರಿನ ಒಂದು ಪ್ರತಿ ತರಿಸೋ ಅರ್ಹತೆ ಬರುತ್ತೆ. ನನ್ನ ಅಂಗಡೀಲಿ ಆ ಸೀರೀಸ್ ಹನ್ನೆರಡು ಹೋಗುತ್ತೆ ಅಂದ್ಕೊಳ್ಳಿ. ಆ ಒಂದು ವೇರಿಯಂಟ್ ಬೇಕು ಅಂತ ಯಾರೋ ಕೇಳಿದಾರೆ, ನಾನು ಇಪ್ಪತ್ತೈದು ತರಿಸ್ತೀನಿ, ಹನ್ನೆರಡು ಹೋಯ್ತು, ಹದಿಮೂರು ಕೂತ್ವು. ಆ ಹದಿಮೂರರ ದುಡ್ಡು ಎಲ್ಲಿಂದ ಬರಬೇಕು? ವೇರಿಯಂಟ್ ಮೇಲೆ ಹಾಕಿದ ಬೆಲೆಯಿಂದ. ಅಂದ್ರೆ ನೀವು ಜಾಸ್ತಿ ಕೊಟ್ಟಿದ್ದು ಬರೀ ಆ ಚಿತ್ರಕ್ಕಲ್ಲ, ನನ್ನ ಹತ್ರ ಉಳಿದ ಹದಿಮೂರು ಮಾಮೂಲಿ ಪ್ರತಿಗಳ ಸಾಲ ತೀರಿಸಿದ್ದು ನೀವು. ಮತ್ತೆ ಆ ಹದಿಮೂರು ಏನಾಗುತ್ತೆ, ಆರೇಳು ತಿಂಗಳಲ್ಲಿ ಕಮ್ಮಿ ಬೆಲೆಯ ಡಬ್ಬಕ್ಕೆ ಬೀಳುತ್ತೆ, ಅದೇ ಕತೆ, ಅದೇ ಒಳಪುಟ. ನಾನಂತೂ ನನಗಾಗಿ ತಗೊಳ್ಳೋ ಅರ್ಧ ಓದು ಅಲ್ಲಿಂದಲೇ ಹೆಕ್ಕೋದು.

ಚಿತ್ರ ಇಷ್ಟ ಆಗಿ ತಗೊಂಡಿದ್ರೆ ತಪ್ಪೇನಿಲ್ಲ, ಗೋಡೆಗೆ ಹಾಕ್ಬೋದು. ನಿಮ್ಮದು ಹಂಗಲ್ಲ ಅನ್ಸುತ್ತೆ, ಬಿಚ್ಚೇ ಇಲ್ಲ ಅಂದ್ರಲ್ಲ.

ಟ್ರೇಡಿಗೆ ಕಾಯೋದಾ ಬಿಡಿ ಇಶ್ಯೂ ತಗೊಳ್ಳೋದಾ ಅನ್ನೋ ಜಗಳ ಬಹಳ ಹಳೇದು, ನಿಮ್ಮ ಇಬ್ರು ಫ್ರೆಂಡ್ಸೂ ಅರ್ಧರ್ಧ ಸರಿ ಹೇಳಿದಾರೆ. ಒಂದು ಇಶ್ಯೂ ಅಂದ್ರೆ ಇಪ್ಪತ್ತು ಇಪ್ಪತ್ತೆರಡು ಪುಟ ಕತೆ, ಕಾಲು ಗಂಟೇಲಿ ಮುಗೀತು. ಟ್ರೇಡಲ್ಲಿ ಸಾಮಾನ್ಯವಾಗಿ ಐದೋ ಆರೋ ಇಶ್ಯೂ ಒಟ್ಟಿಗೆ ಇರುತ್ತೆ, ಜಾಹೀರಾತು ಇರಲ್ಲ, ಬೆಲೇನೂ ಬಿಡಿಬಿಡಿಗಿಂತ ಸಾಧಾರಣವಾಗಿ ಕಮ್ಮಿ ಬೀಳುತ್ತೆ. ಈಗಿನ ಎಷ್ಟೋ ಬರಹಗಾರರು ಆ ಐದಾರರ ಅಳತೆಗೇ ಕತೆ ಕಟ್ತಾರೆ, ಅಂಥದ್ದನ್ನ ತಿಂಗಳಿಗೊಂದು ಓದಿದ್ರೆ ಮೂರನೇ ಇಶ್ಯೂ ಹೊತ್ತಿಗೆ ಮೊದಲನೇದು ಮರ್ತೋಗಿರುತ್ತೆ.

ಸಾಗಾ ಅನ್ನೋ ಸೀರೀಸ್ ನೋಡಿ, ಬ್ರಯಾನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್‌ದು, 2012ರ ಮಾರ್ಚ್‌ನಲ್ಲಿ ಶುರುವಾಯ್ತು. ಆರು ಇಶ್ಯೂಗೆ ಒಂದು ಸಂಪುಟ. 2018ರಲ್ಲಿ 54ನೇ ಇಶ್ಯೂಗೆ ನಿಲ್ಲಿಸಿದ್ರು, 55 ಬಂದಿದ್ದು 2022ರ ಜನವರೀಲಿ. ಮೂರೂವರೆ ವರ್ಷ! ಬಿಡಿ ಇಶ್ಯೂ ಓದ್ತಿದ್ದವರು ಅಷ್ಟು ದಿನ ಬಾಯಿ ಬಿಟ್ಕೊಂಡು ಕೂತಿದ್ರು, ಈಗ ಶುರು ಮಾಡೋರು ಆ 54ರವರೆಗಿನ ಒಂಬತ್ತು ಸಂಪುಟ ಒಂದೇ ಉಸಿರಿಗೆ ಓದ್ಬೋದು. ಡೂಮ್ಸ್‌ಡೇ ಕ್ಲಾಕ್ ಹನ್ನೆರಡೇ ಇಶ್ಯೂ, 2017ರ ನವೆಂಬರ್‌ನಲ್ಲಿ ಶುರುವಾಗಿ 2019ರ ಡಿಸೆಂಬರ್‌ಗೆ ಮುಗೀತು, ಕೊನೇದು ಬರೋ ಹೊತ್ತಿಗೆ ನಮ್ಮ ಗಿರಾಕಿಗಳಲ್ಲಿ ಒಬ್ರು ಊರೇ ಬದಲಾಯಿಸಿದ್ರು.

ಹಂಗಂತ ಎಲ್ಲದಕ್ಕೂ ಕಾಯಿರಿ ಅನ್ನಲ್ಲ. ಅದೇ ವಾಕಿಂಗ್ ಡೆಡ್ 2019ರ ಜುಲೈಲಿ 193ನೇ ಇಶ್ಯೂಗೆ ಮುಗೀತು, ಯಾರಿಗೂ ಹೇಳದೇ. ಮುಂದಿನ ಇಶ್ಯೂಗಳದ್ದು ಅಂತ ಸುಳ್ಳು ಕವರುಗಳನ್ನ ಪಟ್ಟೀಲಿ ಹಾಕಿದ್ರು, ಓದುಗರು ಮಾಮೂಲಿ ಇಶ್ಯೂ ಅಂತ ತಗೊಂಡು ಹೋಗಿ ಕೊನೇ ಪುಟದಲ್ಲಿ ದಂಗಾದ್ರು. ಅಂಥ ಮಜಾ ವಾರವಾರ ಓದೋರಿಗೆ ಮಾತ್ರ. ನಿಂತೋಗುತ್ತೆ ಅನ್ನೋ ಮಾತೂ ನಿಜಾನೇ, ಆದ್ರೆ ಅದು ಬ್ಯಾಟ್‌ಮನ್‌ಗೆ ಅನ್ವಯಿಸಲ್ಲ, ನೀವೊಬ್ರು ಬಿಟ್ರೆ ಬ್ಯಾಟ್‌ಮನ್‌ಗೆ ಏನೂ ಆಗಲ್ಲ. ಸಣ್ಣ ಪ್ರಕಾಶಕರ ಹೊಸ ಸೀರೀಸು, ಹೆಸರಿಲ್ಲದ ಬರಹಗಾರರು, ಅಂಥ ಕಡೆ ಮೊದಲ ಮೂರು ಇಶ್ಯೂದ ಸಂಖ್ಯೆ ಮೇಲೇ ಅಳಿವು ಉಳಿವು. ಸಮ್‌ಥಿಂಗ್ ಈಸ್ ಕಿಲ್ಲಿಂಗ್ ದ ಚಿಲ್ಡ್ರನ್ 2019ರಲ್ಲಿ ಐದು ಇಶ್ಯೂದ ಲೆಕ್ಕದಲ್ಲಿ ಶುರುವಾಗಿದ್ದು, ಜನ ತಗೊಂಡ್ರು, ಅದಕ್ಕೇ ಅದು ಐದಕ್ಕೆ ನಿಲ್ಲದೇ ಓಡ್ತು. ಅದಕ್ಕೆ ನಾನು ಹೇಳೋದು, ನಿಮ್ಮ ದುಡ್ಡು ಎಲ್ಲಿ ಲೆಕ್ಕಕ್ಕೆ ಬರುತ್ತೋ ಅಲ್ಲಿ ಬಿಡಿ ಇಶ್ಯೂ ತಗೊಳ್ಳಿ, ದೊಡ್ಡ ಹೆಸರುಗಳಿಗೆ ಧಾರಾಳವಾಗಿ ಕಾಯಿರಿ. ಬಹಳ ಜನ ಇದರ ಉಲ್ಟಾ ಮಾಡ್ತಾರೆ.

ಡಿಜಿಟಲ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಮಾರ್ವೆಲ್‌ನವರ ಚಂದಾ ಆ್ಯಪ್ ಮಾರ್ವೆಲ್ ಅನ್‌ಲಿಮಿಟೆಡ್‌ನಲ್ಲಿ ಹೊಸ ಇಶ್ಯೂ ಸುಮಾರು ಮೂರು ತಿಂಗಳಿಗೆ ಬರುತ್ತೆ, ಸೂಪರ್‌ಮ್ಯಾನ್, ಬ್ಯಾಟ್‌ಮನ್ ತರೋ ಡಿಸಿಯವರ ಆ್ಯಪಲ್ಲೂ ಕಾದ್ರೆ ಬರುತ್ತೆ. ಹದಿನಾಲ್ಕರಲ್ಲಿ "ಏನಾಗ್ತಿದೆ ಅಂತ ಗೊತ್ತಿದ್ರೆ ಸಾಕು" ಅನ್ನೋ ಟೈಟಲ್ಲುಗಳಿರ್ತವಲ್ಲ, ಅವಕ್ಕೆ ಇದು ಹೇಳಿ ಮಾಡಿಸಿದ್ದು. ರಿಸ್ಕ್ ಏನಂದ್ರೆ ಅದು ನಿಮ್ಮದಾಗಲ್ಲ, ಚಂದಾ ನಿಂತ್ರೆ ಓದೂ ನಿಲ್ಲುತ್ತೆ, ಆ್ಯಪೂ ಶಾಶ್ವತ ಅಲ್ಲ. ಕಾಮಿಕ್ಸಾಲಜಿ ಆ್ಯಪ್ 2023ರ ಡಿಸೆಂಬರ್‌ನಲ್ಲಿ ಕಿಂಡಲ್ ಒಳಗೆ ಸೇರೋಯ್ತು, ವರ್ಷಗಟ್ಲೆ ಅದರಲ್ಲೇ ಓದ್ತಿದ್ದವರು ಒಂದಷ್ಟು ದಿನ ತಮ್ಮ ಪುಸ್ತಕ ತಾವೇ ಹುಡುಕ್ತಾ ಇದ್ರು.

ಸರಿ, ಚೆನ್ನಾಗಿರೋದು ಯಾವ್ದು ಅಂತ ಗುರುತಿಸೋದು ಹೆಂಗೆ. ಮೊದಲನೇದು, ಕವರ್ ನೋಡಿ ತೀರ್ಮಾನ ಮಾಡ್ಬೇಡಿ, ಕವರ್ ಬರೆದವರು ಬೇರೆ ಒಳಗೆ ಬರೆದವರು ಬೇರೆ ಇರೋದೇ ಜಾಸ್ತಿ. ಪಾತ್ರದ ಹೆಸರು ಹಿಡ್ಕೊಂಡು ಹೋಗ್ಬೇಡಿ, ಬರೆದವರ ಮತ್ತು ಚಿತ್ರಿಸಿದವರ ಹೆಸರು ಹಿಡ್ಕೊಳ್ಳಿ. ಟ್ರಾನ್ಸ್‌ಫಾರ್ಮರ್ಸ್ 2023ರ ಅಕ್ಟೋಬರ್‌ನಲ್ಲಿ ಹೊಸದಾಗಿ ಶುರುವಾದಾಗ ಡೇನಿಯಲ್ ವಾರೆನ್ ಜಾನ್ಸನ್ ಬರೆದು ಚಿತ್ರಾನೂ ಅವರೇ ಮಾಡಿದ್ರು, ಏಳನೇ ಇಶ್ಯೂಯಿಂದ ಚಿತ್ರ ಹೋರ್ಹೆ ಕೊರೋನಾ ಅವರದ್ದು. ಅದೂ ಚೆನ್ನಾಗೇ ಇದೆ, ಆದ್ರೆ ಜಾನ್ಸನ್ ಚಿತ್ರಕ್ಕಾಗೇ ತಗೋತಿದ್ದವರು ಆರಕ್ಕೇ ನಿಲ್ಲಿಸಿ ಅವರ ಬೇರೆ ಪುಸ್ತಕಕ್ಕೆ ಹೋಗ್ಬೋದಿತ್ತು. ಪಟ್ಟೀಲಿ ಸಣ್ಣಕ್ಷರದಲ್ಲಿ ಹೆಸರು ಬದಲಾಗಿದ್ದನ್ನ ಯಾರೂ ಗಮನಿಸಲ್ಲ, ಲಿಸ್ಟಲ್ಲಿದೆ ಅಂತ ತಗೋತಾನೇ ಇರ್ತಾರೆ.

ಕೈಗೆ ತಗೊಂಡಾಗ ನಾನು ಮಾಡೋದು ಇಷ್ಟು. ಮೊದಲ ಪುಟ ಬಿಟ್ಟುಬಿಡ್ತೀನಿ, ಅಲ್ಲಿ ಎಲ್ರೂ ಚೆನ್ನಾಗಿ ಮಾಡಿರ್ತಾರೆ. ನಡುವೆ ಎಲ್ಲಾದ್ರೂ ತೆಗೆದು ಇಬ್ರು ಸುಮ್ನೆ ಕೂತು ಮಾತಾಡೋ ಪುಟ ಹುಡುಕ್ತೀನಿ. ಹೊಡೆದಾಟ ಯಾರು ಬೇಕಾದ್ರೂ ಚೆನ್ನಾಗಿ ಕಾಣೋ ಹಂಗೆ ಮಾಡ್ತಾರೆ, ಮಾತಿನ ಪುಟದಲ್ಲಿ ಮುಖ ಬದಲಾಗ್ತಿದೆಯಾ, ಕೈ ಏನೋ ಮಾಡ್ತಿದೆಯಾ, ಇಲ್ಲಾ ಒಂದೇ ಮುಖ ನಾಲ್ಕು ಚೌಕದಲ್ಲಿ ಅಂಟಿಸಿದಾರಾ. ಮಾತಿನ ಗುಳ್ಳೆಗಳು ಚಿತ್ರದ ಮೇಲೆ ಹತ್ತಿ ಕೂತಿದ್ರೆ ಬರಹಗಾರರು ಚಿತ್ರಕಾರರನ್ನ ನಂಬಿಲ್ಲ ಅಂತ ಲೆಕ್ಕ. ಆಮೇಲೆ ಬಲಗಡೆ ಪುಟದ ಕೊನೇ ಚೌಕ ನೋಡ್ತೀನಿ, ಬೆಸ ಸಂಖ್ಯೆಯ ಪುಟ ಯಾವಾಗ್ಲೂ ಬಲಕ್ಕೆ ಬರೋದು, ಅಲ್ಲಿ ಯಾರೋ ಬಾಗಿಲ ಕಡೆ ತಿರುಗ್ತಾರೆ, ಪುಟ ತಿರುವಿದ್ರೆ ಬಾಗಿಲಲ್ಲಿ ಯಾರಿದಾರೆ ಅಂತ ಗೊತ್ತಾಗುತ್ತೆ, ಹಂಗೆ ಕಟ್ಟಿದಾರಾ ಅಂತ. ಪುಟ ತಿರುವೋ ಆ ಒಂದು ಕ್ಷಣಾನ ದುಡಿಸ್ಕೊಳ್ಳೋಕೆ ಗೊತ್ತಿರೋರು ಪುಸ್ತಕವನ್ನ ಹಾಳು ಮಾಡೋದು ಅಪರೂಪ. ಇಷ್ಟಕ್ಕೆ ಎರಡು ನಿಮಿಷ ಸಾಕು, ಅಂಗಡೀಲಿ ನಿಂತೇ ಮಾಡಿ, ಯಾರೂ ಏನೂ ಅನ್ನಲ್ಲ.

ಈಗ ನಿಮ್ಮ ಹದಿನಾಲ್ಕು. ಇವತ್ತು ಮನೇಲಿ ಓದದೇ ಇರೋ ಇಶ್ಯೂಗಳನ್ನ ಟೈಟಲ್ ಪ್ರಕಾರ ಗುಡ್ಡೆ ಹಾಕಿ. ಎರಡಕ್ಕಿಂತ ಜಾಸ್ತಿ ಓದದೇ ಬಿದ್ದಿರೋ ಗುಡ್ಡೆ ಯಾವುದೋ ಅದು ನಿಮಗೆ ಬೇಡ ಅಂತ ನಿಮ್ಮ ಕೈಯೇ ಹೇಳಿದೆ, ಬಾಯಿ ಒಪ್ತಿಲ್ಲ ಅಷ್ಟೇ. ಬಂದ ದಿನ ರಾತ್ರೀನೇ ಓದಿದ್ದು ಯಾವ್ದು ಅಂತ ನೆನಪಿಸ್ಕೊಳ್ಳಿ, ಅವು ನಾಲ್ಕೈದು ಇರ್ತವೆ, ಅವೇ ನಿಮ್ಮ ಲಿಸ್ಟು. ಉಳಿದವು ಅಂಗಡಿಯವರಿಗೆ ಹೇಳಿ ತೆಗೆಸಿ. ಸಂಕೋಚ ಬೇಡ, ಆದ್ರೆ ಒಂದು ಮರ್ಯಾದೆ ಇದೆ, ಕೊನೇ ದಿನದ ಲೆಕ್ಕ ಹೇಳಿದ್ನಲ್ಲ, ಈಗಾಗ್ಲೇ ಆರ್ಡರ್ ಹೋಗಿರೋ ಒಂದು ತಿಂಗಳದ್ದು ತಗೊಂಡು, ಅದಾದ್ಮೇಲಿಂದ ಬೇಡ ಅಂತ ಹೇಳಿ. ನಂಗೆ ಕೋಪ ಬರಿಸ್ತಿದ್ದವರು ಲಿಸ್ಟಿಂದ ತೆಗೆಸಿದವರಲ್ಲ, ಹೇಳದೇ ಕೇಳದೇ ಮೂರು ತಿಂಗಳು ಬರದೇ ಇರ್ತಿದ್ದವರು. ಒಬ್ರ ಹೆಸರಿನ ಕಂತೆ ಒಂದು ಸಲ ನಲವತ್ತು ಇಶ್ಯೂ ದಾಟಿತ್ತು, ಕೊನೆಗೆ ಅದನ್ನ ಬಿಚ್ಚಿ ಕಮ್ಮಿ ಬೆಲೆ ಡಬ್ಬಕ್ಕೆ ಹಾಕಿದ್ದು ನಾನೇ.

ಜಾಗ ಖಾಲಿಯಾದ್ಮೇಲೆ ಏನ್ ತಗೊಳ್ಳೋದು? ಬಿಡಿ ಇಶ್ಯೂ ಓದೋ ಖುಷಿ ಬೇಕು ಅಂದ್ರೆ ಅಬ್ಸಲ್ಯೂಟ್ ಸಾಲು ನೋಡಿ, ಡಿಸಿಯವರು 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಸ್ಕಾಟ್ ಸ್ನೈಡರ್, ನಿಕ್ ಡ್ರಗೋಟಾ ಅವರ ಅಬ್ಸಲ್ಯೂಟ್ ಬ್ಯಾಟ್‌ಮನ್‌ನಲ್ಲಿ ಬ್ರೂಸ್ ಶ್ರೀಮಂತನಲ್ಲ, ದುಡಿದು ತಿನ್ನೋ ಮನೆಯ ಹುಡುಗ, ಅಮ್ಮ ಬದುಕಿದಾಳೆ. ಕೆಲ್ಲಿ ಥಾಂಪ್ಸನ್, ಹೇಡನ್ ಶೆರ್ಮನ್ ಅವರ ವಂಡರ್ ವುಮನ್‌ನಲ್ಲಿ ಅವಳು ಬೆಳೆದಿದ್ದೇ ನರಕದಲ್ಲಿ, ಸಾಕಿದ್ದು ಮಾಟಗಾತಿ ಸರ್ಸಿ, ಆದ್ರೂ ಅವಳ ಕರುಣೆ ಕರಗಿಲ್ಲ, ನಾನಿಲ್ಲಿ ಹೇಳ್ತಿರೋ ಮೂರರಲ್ಲಿ ನಂಗೆ ಇದೇ ಹೆಚ್ಚು ಇಷ್ಟ. ಮೂರನೇದು ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್, ಡೆನಿಜ್ ಕ್ಯಾಂಪ್ ಬರವಣಿಗೆ, ಹವಿಯೆರ್ ರೋಡ್ರಿಗೆಸ್ ಚಿತ್ರ, ಒಬ್ಬ ಎಫ್‌ಬಿಐ ಏಜೆಂಟ್‌ಗೆ ಬೇರೆಯವರ ಯೋಚನೆಗಳು ಬಣ್ಣದ ಹೊಗೆಯ ಥರ ಕಾಣೋಕೆ ಶುರುವಾಗುತ್ತೆ. ಇದನ್ನ ದಯವಿಟ್ಟು ಫೋನಲ್ಲಿ ಓದ್ಬೇಡಿ, ಕಾಗದದ ಮೇಲೆ ಆ ಬಣ್ಣ ಬೇರೆ. ಮೂರರ ಮೊದಲ ಇಶ್ಯೂಗಳೂ ಆಗ್ಲೇ ಬಂದು ಹೋಗಿದಾವೆ, ಹಂಗಾಗಿ ಹಳೇದನ್ನ ಟ್ರೇಡಲ್ಲಿ ಓದಿ, ಹಿಡಿಸಿದ್ರೆ ಮಾತ್ರ, ಅದು ಇನ್ನೂ ಬರ್ತಿದ್ರೆ, ಹೊಸ ಇಶ್ಯೂಗೆ ಸೇರ್ಕೊಳ್ಳಿ. ಮೊದಲ ಮುದ್ರಣ ಹುಡುಕ್ತಾ ಹೋಗ್ಬೇಡಿ.

ಮುಗಿದಿರೋ ಕತೆ ಬೇಕಾ, ಟಾಮ್ ಕಿಂಗ್ ಮತ್ತು ಮಿಚ್ ಜೆರಾಡ್ಸ್ ಅವರ ಮಿಸ್ಟರ್ ಮಿರಾಕಲ್, ಹನ್ನೆರಡು ಇಶ್ಯೂ, ಒಂದೇ ಸಂಪುಟದಲ್ಲಿ ಸಿಗುತ್ತೆ. ಹೆಚ್ಚಿನ ಪುಟಗಳಲ್ಲಿ ಒಂಬತ್ತೇ ಚೌಕ, ಆ ಚೌಕದೊಳಗೆ ಅಡುಗೆಮನೇನೂ ಯುದ್ಧಾನೂ ಒಂದೇ ಅಳತೇಲಿ ಕೂರಿಸಿದಾರೆ. ಭಾರ ಇದೆ ಸ್ವಲ್ಪ, ಮನಸ್ಸು ಸರಿ ಇಲ್ಲದ ವಾರ ತೆಗೀಬೇಡಿ.

ಇವಿಷ್ಟರ ಜೊತೆ ಒಂದು ಜಾಗ ಖಾಲಿ ಬಿಡಿ. ಪ್ರತಿ ಬುಧವಾರ ಹೆಸರೇ ಕೇಳಿರದ ಒಂದು ಇಶ್ಯೂ, ಮೇಲೆ ಹೇಳಿದ ಹಂಗೆ ನಡುವಿನ ಪುಟ ನೋಡಿ ತಗೊಳ್ಳಿ, ಒಂದೇ. ಹೊಸ ಸೀರೀಸ್ ಆದ್ರೆ ಮೂರನೇ ಇಶ್ಯೂವರೆಗೂ ಲಿಸ್ಟಿಗೆ ಹಾಕಿಸ್ಬೇಡಿ, ಶೆಲ್ಫಿಂದಲೇ ತಗೊಳ್ಳಿ. ಮೊದಲನೇದನ್ನ ಎಲ್ರೂ ಮುತುವರ್ಜಿಯಿಂದ ಮಾಡಿರ್ತಾರೆ, ಬರೆದವರ ಕೈಯಲ್ಲಿ ಕತೆ ಇದೆಯಾ ಇಲ್ವಾ ಅನ್ನೋದು ಮೂರರಲ್ಲಿ ಗೊತ್ತಾಗೋದು. ಸಣ್ಣ ಪ್ರಕಾಶಕರದ್ದಾಗಿ ಮೊದಲನೇದೇ ಮನಸ್ಸಿಗೆ ತಾಕ್ತು ಅಂದ್ರೆ ಮಾತ್ರ ತಡ ಮಾಡ್ಬೇಡಿ, ಅಲ್ಲಿ ಕಾಯೋ ಹಂಗಿಲ್ಲ ಅಂತ ಆಗ್ಲೇ ಹೇಳಿದೀನಿ.

ಕೊನೇದಾಗಿ ಆ ಬಿಚ್ಚದ ವೇರಿಯಂಟ್. ಅದನ್ನ ಬಿಚ್ಚಿ ಓದಿ. ಕೈ ತೊಳ್ಕೊಂಡು, ಸ್ಟೇಪಲ್ ಇರೋ ಬೆನ್ನಿನ ಕಡೆ ಜಾಸ್ತಿ ಮಡಚದೇ ಓದಿದ್ರೆ ಏನೂ ಆಗಲ್ಲ. ಆಮೇಲೆ ಚೀಲದೊಳಗೆ ಹಾಕೋವಾಗ ಹಿಂದಿನ ರಟ್ಟಿನ ನುಣುಪು ಕಡೆ ಪುಸ್ತಕಕ್ಕೆ ತಾಗ್ಲಿ, ನಿಲ್ಲಿಸಿ ಇಡಿ, ಬಿಸಿಲಿಗೆ ದೂರ. ಚೀಲದ ಬಾಯಿಗೆ ಹಚ್ಚೋ ಟೇಪನ್ನ ಪುಸ್ತಕ ಹೊರಗೆ ತೆಗೆಯೋಕೆ ಮುಂಚೆ ಪೂರ್ತಿ ಕಿತ್ತು ಬೇರೆ ಕಡೆ ಅಂಟಿಸಿ. ಹಂಗೇ ನೇತಾಡೋಕೆ ಬಿಟ್ರೆ ಪುಸ್ತಕ ಎಳೆಯೋವಾಗ ಕವರಿಗೆ ಹತ್ಕೊಂಡು ಬಣ್ಣ ಸಮೇತ ಎದ್ದು ಬರುತ್ತೆ. ನನ್ನ ಹತ್ರ ಒಂದು ಸ್ಪೈಡರ್-ಮ್ಯಾನ್ ಇದೆ, ಎಡಗಣ್ಣಿನ ಜಾಗದಲ್ಲಿ ಬರೀ ಬಿಳಿ ಕಾಗದ.